ಸಭೆ ಎಲ್ಲಿ, ಎಷ್ಟು ಗಂಟೆಗೆ ಎಂದು ಗೋಡೆಯ ಮೇಲೆ ಬರೆಸಿ: ಬಾಗಲಕೋಟೆ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರಗಳು.

ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರು ಜಿಲ್ಲೆಯ ಯಾವುದೇ ಸರ್ಕಾರಿ ಆಸ್ಪತ್ರೆಗೆ ಹೋದರೂ ಅಲ್ಲಿನ ಗೋಡೆಯ ಮೇಲೆ ಅವರಿಗೆ ಒಂದು ಫಲಕ ಕಾಣಬೇಕು. ಕುಡಿತ ಬಿಟ್ಟವರ ಸಭೆ ಯಾವ ಊರಲ್ಲಿ, ಯಾವ ವಾರ, ಎಷ್ಟು ಗಂಟೆಗೆ ನಡೆಯುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಸಭೆ ಇಲ್ಲದ ತಾಲ್ಲೂಕಿನಲ್ಲಿ ಅದನ್ನು ಶುರು ಮಾಡುತ್ತೇವೆ ಎಂದು ಯಾರಾದರೂ ಮುಂದೆ ಬಂದರೆ, ವಾರಕ್ಕೊಂದು ಸಂಜೆ ಒಂದೂವರೆ ತಾಸು ಕೂಡಲು ಅವರಿಗೊಂದು ಕೋಣೆ ಸಿಗಬೇಕು. ನನ್ನ ಬೇಡಿಕೆ ಇಷ್ಟು. ಹೊಸ ಯೋಜನೆ, ಹೊಸ ಸಮಿತಿ, ಹೊಸ ಅನುದಾನ ಯಾವುದನ್ನೂ ಕೇಳುತ್ತಿಲ್ಲ.

ನಾನು ಮುಧೋಳ ಭಾಗದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಅಣ್ಣ ಬಹಳ ವರ್ಷ ಕುಡಿದವನು, ಈಗ ಕೆಲವು ವರ್ಷಗಳಿಂದ ಕುಡಿಯದೆ ಇದ್ದಾನೆ. ಅವನನ್ನು ಕೇಳಿ, ಅವನು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಹಾಕಿದರೆ ನಮ್ಮೂರಲ್ಲಿ ಅವನ ಹೆಸರು ಹಾಕಿದಂತೆಯೇ ಆಗುತ್ತದೆ. ಹಾಗಾಗಿ ಎರಡನ್ನೂ ಬಿಟ್ಟಿದ್ದೇನೆ.

ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದಾಗ ಚಿಕಿತ್ಸೆಯಲ್ಲಿ ಏನೂ ಕೊರತೆಯಾಗಲಿಲ್ಲ. ಕೈನಡುಕ ನಿಂತಿತು, ನಿದ್ದೆ ಬಂತು, ರೊಟ್ಟಿ ಸೇರತೊಡಗಿತು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ವಿಟಮಿನ್ ಗುಳಿಗೆಗಳ ಹೆಸರಿದ್ದವು, ಕೆಳಗೆ ‘ಮದ್ಯಪಾನ ಮಾಡಬಾರದು’ ಎಂದು ಬರೆದಿತ್ತು. ‘ಮನಸ್ಸು ಗಟ್ಟಿ ಮಾಡ್ಕೊಳ್ರಿ’ ಎಂದು ಬಾಯಿಯಲ್ಲೂ ಹೇಳಿದರು. ಆದರೆ ಮರುದಿನದಿಂದ ಸಂಜೆ ಆರರಿಂದ ಒಂಬತ್ತರವರೆಗೆ ಆ ಮನುಷ್ಯ ಎಲ್ಲಿರಬೇಕು, ಯಾರ ಜೊತೆ ಮಾತಾಡಬೇಕು ಎಂದು ಯಾರೂ ಹೇಳಲಿಲ್ಲ. ಹೇಳಬಾರದೆಂದಲ್ಲ, ಅಲ್ಲಿದ್ದವರಿಗೂ ಅದು ಗೊತ್ತಿರಲಿಲ್ಲ. ನಮಗೆ ದಾರಿ ತೋರಿಸಿದ್ದು ಪಕ್ಕದ ಹಾಸಿಗೆಯ ರೋಗಿಯನ್ನು ಮಾತಾಡಿಸಲು ಬಂದಿದ್ದ ಒಬ್ಬ ಲಾರಿ ಚಾಲಕ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಲಾರಿ ಹೊಡೆಯುವ ಮನುಷ್ಯ. ಅಣ್ಣನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು. ‘ಬೆಳಗಾವ್ಯಾಗ ನಮ್ಮ ಮಂದಿ ಕೂಡ್ತಾರ. ಒಂದ್ ಸಲ ಬಂದ್ ಕುಂತ್ ನೋಡ್ರಿ. ರೊಕ್ಕ ಕೇಳೂದಿಲ್ಲ, ಹೆಸರು ಬರಸ್ಕೊಳ್ಳೂದಿಲ್ಲ’ ಎಂದರು.

ಅವರು ಅಂದು ಆ ವಾರ್ಡಿಗೆ ಬರದೇ ಇದ್ದಿದ್ದರೆ ನಮಗೆ ಆ ಸಭೆಯ ಸುದ್ದಿಯೇ ತಿಳಿಯುತ್ತಿರಲಿಲ್ಲ. ಒಬ್ಬ ಮನುಷ್ಯ ಬದುಕುವುದು ಬಿಡುವುದು ಇಷ್ಟು ಆಕಸ್ಮಿಕವಾದ ಭೇಟಿಯ ಮೇಲೆ ನಿಲ್ಲಬಾರದು. ಅದಕ್ಕಾಗಿಯೇ ಈ ಪತ್ರ.

ಆ ಸಭೆಗಳು ಹುಟ್ಟಿದ ಕಥೆಯನ್ನು ತಾವು ಕೇಳಬೇಕು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ವ್ಯವಹಾರಸ್ಥ ಅಮೆರಿಕದ ಆಕ್ರನ್ ಎಂಬ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತ್ತು, ಕಿಸೆಯಲ್ಲಿ ಹೆಚ್ಚು ಹಣವಿರಲಿಲ್ಲ. ಇಳಿದುಕೊಂಡಿದ್ದ ಮೇಫ್ಲವರ್ ಹೋಟೆಲಿನ ಮೊಗಸಾಲೆಯ ಒಂದು ತುದಿಯಲ್ಲಿ ಬಾರ್, ಅಲ್ಲಿಂದ ನಗು, ಗದ್ದಲ. ಇನ್ನೊಂದು ತುದಿಯಲ್ಲಿ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನು ಉಳಿಯುವುದಿಲ್ಲ ಎಂದು ಅವನಿಗೆ ಅನಿಸಿತು. ಪಟ್ಟಿ ನೋಡಿ ಫೋನು ಮಾಡಿದ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿ, ಕೊನೆಗೆ ಸಿಕ್ಕಿದವರು ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರು. ಅವರೂ ಕುಡಿತದಿಂದ ಬದುಕು ಹಾಳು ಮಾಡಿಕೊಂಡಿದ್ದವರು. ಕಾಲು ಗಂಟೆ ಮಾತಾಡಿ ಕಳಿಸಿಬಿಡೋಣ ಎಂದು ಬಂದ ವೈದ್ಯರು ತಾಸುಗಟ್ಟಲೆ ಕೂತರು. ಅದೇ ವರ್ಷ ಜೂನ್ 10ರಂದು ಬಾಬ್ ಕೊನೆಯ ಸಲ ಕುಡಿದರು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಭಾರತಕ್ಕೆ ಅದು 1957ರಲ್ಲಿ ಬಂತು. ಇಂದು ಸುಮಾರು 180 ದೇಶಗಳಲ್ಲಿರುವ ಈ ಕೂಟದ ಬೇರಿನಲ್ಲಿ ಇರುವುದು ಒಂದು ಹೋಟೆಲಿನ ಗೋಡೆಯ ಮೇಲಿದ್ದ ಪಟ್ಟಿ. ನಾನು ತಮ್ಮಿಂದ ಕೇಳುತ್ತಿರುವುದೂ ಅಂಥದೇ ಒಂದು ಪಟ್ಟಿ.

ಸಭೆ ಹೇಗಿರುತ್ತದೆ ಎಂದು ಹೊರಗಿನವರಿಗೆ ತಿಳಿದಿಲ್ಲ. ತಿಳಿಯದ್ದರಿಂದಲೇ ಬಹಳ ಮಂದಿ ಹೋಗಲು ಹೆದರುತ್ತಾರೆ. ಅಣ್ಣನೂ ಹೆದರಿದ್ದ. ಅಲ್ಲಿ ಬೈಯುತ್ತಾರೆ, ಭಾಷಣ ಹೊಡೆಯುತ್ತಾರೆ, ದೇವರ ಮುಂದೆ ಆಣೆ ಹಾಕಿಸುತ್ತಾರೆ ಎಂದುಕೊಂಡಿದ್ದ. ಅಂಥದ್ದೇನೂ ಇಲ್ಲ. ಒಂದು ಕೋಣೆ, ಹತ್ತು ಹದಿನೈದು ಕುರ್ಚಿ, ಚಹಾ. ಒಬ್ಬರು ಸಭೆ ನಡೆಸುತ್ತಾರೆ, ಮುಂದಿನ ವಾರ ಮತ್ತೊಬ್ಬರು. ಮಾತಾಡುವವರು ತಮ್ಮ ಹೆಸರು ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಹೇಳಿ ಶುರು ಮಾಡುತ್ತಾರೆ. ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂದು ಹೇಳಿಕೊಳ್ಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಾತಾಡಲು ಇಷ್ಟವಿಲ್ಲದವರು ಸುಮ್ಮನೆ ಕೂತು ಕೇಳಬಹುದು. ಸದಸ್ಯನಾಗಲು ಇರುವ ಷರತ್ತು ಒಂದೇ, ಕುಡಿತ ನಿಲ್ಲಿಸಬೇಕೆಂಬ ಬಯಕೆ. ಜಾತಿ, ಧರ್ಮ, ಪಕ್ಷ ಯಾವುದನ್ನೂ ಕೇಳುವುದಿಲ್ಲ. ದೇವರ ಮಾತು ಬರುತ್ತದೆ ನಿಜ, ಆದರೆ ಅದು ಅವರವರು ತಿಳಿದುಕೊಂಡಂಥ ದೇವರು.

ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಹತ್ತು ರೂಪಾಯಿ ಹಾಕುವವರು ಹಾಕುತ್ತಾರೆ, ಇಲ್ಲದವರು ಮುಂದೆ ದಾಟಿಸುತ್ತಾರೆ. ಕೋಣೆಯ ಬಾಡಿಗೆ, ಚಹಾದ ಖರ್ಚು ಅದರಲ್ಲೇ. ಹೊರಗಿನವರ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದಿಲ್ಲ, ಅದು ಅವರ ಹನ್ನೆರಡು ಸಂಪ್ರದಾಯಗಳಲ್ಲಿ ಒಂದು. ಆದ್ದರಿಂದ ತಾವು ಹಣ ಕೊಡಲು ಹೊರಟರೂ ಅವರು ಬೇಡವೆನ್ನುತ್ತಾರೆ. ಕೋಣೆಯನ್ನು ಪುಕ್ಕಟೆ ಕೊಟ್ಟರೂ ಒಂದಿಷ್ಟು ಬಾಡಿಗೆ ತಗೊಳ್ಳಿ ಎಂದು ಒತ್ತಾಯಿಸುತ್ತಾರೆ.

ಇದು ಬರೀ ನಂಬಿಕೆಯ ಮಾತೆಂದು ತಮಗೆ ಅನಿಸಬಹುದು. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಎಂಬ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ವೈದ್ಯರೇ ಕ್ರಮಬದ್ಧವಾಗಿ ಎ.ಎ.ಗೆ ಜೋಡಿಸಿದ ರೋಗಿಗಳಲ್ಲಿ ವರ್ಷದ ನಂತರವೂ ಪೂರ್ತಿ ಕುಡಿಯದೇ ಉಳಿದವರು ಶೇ 42ರಷ್ಟು, ಬೇರೆ ಮನೋಚಿಕಿತ್ಸೆಗಳನ್ನು ಪಡೆದವರಲ್ಲಿ ಶೇ 35ರಷ್ಟು. ಅಧ್ಯಯನಗಳು ಬಹುಪಾಲು ಹೊರದೇಶದವು, ಒಪ್ಪುತ್ತೇನೆ. ಆದರೆ ‘ವೈದ್ಯರೇ ಜೋಡಿಸಿದ’ ಎಂಬ ಭಾಗವನ್ನು ದಯವಿಟ್ಟು ಗಮನಿಸಿ. ‘ಎಲ್ಲಾದರೂ ಸಭೆ ಇದ್ದರೆ ಹೋಗಿ’ ಎನ್ನುವುದಕ್ಕೂ, ‘ಈ ಗುರುವಾರ ಸಂಜೆ ಆರಕ್ಕೆ ಇಂಥಲ್ಲಿ ಸಭೆ ಇದೆ, ನಿಮ್ಮನ್ನು ಕರೆದೊಯ್ಯಲು ಒಬ್ಬರು ಬರುತ್ತಾರೆ, ಈಗಲೇ ಅವರ ಜೊತೆ ಮಾತಾಡಿ’ ಎಂದು ಫೋನು ಹಚ್ಚಿ ಕೈಗೆ ಕೊಡುವುದಕ್ಕೂ ಬಹಳ ಅಂತರವಿದೆ.

ದೇಶದಲ್ಲಿ ಎಷ್ಟು ಜನ ಹೀಗೆ ದಾರಿ ಸಿಗದೆ ನಿಂತಿದ್ದಾರೆ ಎಂಬುದು ಸರ್ಕಾರಕ್ಕೇ ಗೊತ್ತಿದೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಪೂರ್ತಿ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರೆಲ್ಲ ಮನೆಯಲ್ಲೇ ಇದ್ದಾರೆ, ಆಣೆ ಹಾಕಿಕೊಳ್ಳುತ್ತ, ಮುರಿಯುತ್ತ. ‘ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತು ನೋಡಿ ಹೆಂಡತಿ ಪುಡಿ ತಂದು ಹಾಕುವ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ತಿಂದವನಿಗೆ ಅದು ಗೊತ್ತಿಲ್ಲದೆ ಮೇಲೆ ಕುಡಿದರೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ಕೊಡುವ ಔಷಧ ಅದು. ಅಂಥ ಪುಡಿಯ ಫೋನ್ ನಂಬರು ಗೋಡೆಗೋಡೆಯ ಮೇಲೆ ಇದೆ, ಸಭೆಯ ಸಮಯ ಎಲ್ಲೂ ಇಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿಯಿದೆ. ಎಷ್ಟೋ ಕುಡುಕರು ಶ್ರಾವಣ ಪೂರ್ತಿ ಬಿಡುತ್ತಾರೆ. ಮಾಂಸ ಇಲ್ಲ, ಸೆರೆ ಇಲ್ಲ, ದಿನಾ ಗುಡಿಗೆ ಹೋಗುತ್ತಾರೆ. ಮನೆಯವರಿಗೆ ಹಬ್ಬ. ಅಯ್ಯಪ್ಪ ಮಾಲೆ ಹಾಕಿದವರೂ ಮಾಲೆ ತೆಗೆಯುವವರೆಗೆ ಹಾಗೇ ಇರುತ್ತಾರೆ. ಈ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಮುಗಿದ ಮರುದಿನ ‘ತಿಂಗಳಗಟ್ಟಲೆ ಬಿಟ್ಟಿದ್ದೆ, ನನಗೆಲ್ಲಿ ಚಟ ಐತಿ’ ಎಂಬ ಮಾತಿನೊಂದಿಗೆ ಮೊದಲ ಗ್ಲಾಸು ಎತ್ತುತ್ತಾರೆ. ನನ್ನ ಅಣ್ಣ ಹಾಗೆ ಎಷ್ಟೋ ಶ್ರಾವಣಗಳನ್ನು ದಾಟಿದವನು. ತಿಂಗಳ ಕೊನೆಯಲ್ಲಿ ಬಿಡುಗಡೆ ಎಂಬ ದಿನಾಂಕ ಕಣ್ಣ ಮುಂದೆ ಇದ್ದುದರಿಂದಲೇ ಅಷ್ಟು ದಿನ ತಡೆದುಕೊಳ್ಳಲು ಆಗುತ್ತಿತ್ತು ಎಂದು ಅವನೇ ಈಗ ಹೇಳುತ್ತಾನೆ. ಸಭೆಯಲ್ಲಿ ಕಲಿಸುವುದು ಬೇರೆ. ಇಡೀ ಜನ್ಮದ ಆಣೆ ಬೇಡ, ಇವತ್ತೊಂದು ದಿನ ಮೊದಲ ಗುಟುಕು ಬೇಡ, ನಾಳೆಯದು ನಾಳೆ. ಆ ‘ಇವತ್ತು’ ಕಷ್ಟವಾದಾಗ ಯಾರಿಗೆ ಫೋನು ಮಾಡಬೇಕು ಎಂದು ಗೊತ್ತಿರುತ್ತದೆ. ಬಾಗಲಕೋಟೆಯ ಹೋಳಿಗೆ ಹಲಗೆಯ ಸದ್ದು ಕೇಳಿಸಿದಾಗ, ಕಬ್ಬಿನ ಬಿಲ್ಲು ಕೈಗೆ ಬಂದಾಗ, ನೆಂಟರ ಮದುವೆಯ ಹಿಂದಿನ ರಾತ್ರಿ, ಮಣ್ಣು ಮುಗಿಸಿ ಬಂದ ಸಂಜೆ ಅವರು ಒಬ್ಬರಿಗೊಬ್ಬರು ಫೋನು ಮಾಡಿಕೊಳ್ಳುತ್ತಾರೆ. ರಾತ್ರಿ ಹನ್ನೊಂದಕ್ಕೂ ಎತ್ತುತ್ತಾರೆ. ಯಾವ ಇಲಾಖೆಯೂ ಸಂಬಳ ಕೊಟ್ಟು ಇಂಥ ಸೇವೆ ಮಾಡಿಸಲಾರದು.

ಈ ಜಿಲ್ಲೆಗೆ ವ್ಯಸನಮುಕ್ತಿಯ ಮಾತು ಹೊಸದಲ್ಲ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ, ‘ನಿಮ್ಮ ದುಶ್ಚಟವನ್ನು ನನ್ನ ಜೋಳಿಗೆಗೆ ಹಾಕಿ’ ಎಂದು ಬೇಡಿದವರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬೀಡಿ, ಗುಟ್ಕಾ, ಬಾಟಲಿ ಆ ಜೋಳಿಗೆಗೆ ಬಿದ್ದದ್ದನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸಿ, ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಒಂದುಗೂಡಿಸುತ್ತಾರೆ. ಶಿಬಿರ ಮುಗಿದ ಮೇಲೂ ಕೂಡುವ ಜಾಗ ಬೇಕೆಂದು ಅವರು ಕಂಡುಕೊಂಡಿದ್ದಾರೆ. ನಾನು ಕೇಳುವ ಫಲಕದಲ್ಲಿ ಎ.ಎ. ಒಂದೇ ಇರಬೇಕೆಂದಿಲ್ಲ. ಈ ಸಮಿತಿಗಳೂ ಇರಲಿ, ಮಠದಲ್ಲೋ ಮಸೀದಿಯಲ್ಲೋ ಚರ್ಚಿನಲ್ಲೋ ಹೀಗೆ ಕೂಡುವವರಿದ್ದರೆ ಅವರೂ ಇರಲಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು.

ಇಲ್ಲಿ ಒಂದು ಮಾತನ್ನು ಕೈಮುಗಿದು ಹೇಳಬೇಕಾಗಿದೆ. ದಯವಿಟ್ಟು ಇದನ್ನು ಕಾರ್ಯಕ್ರಮ ಮಾಡಬೇಡಿ. ಉದ್ಘಾಟನೆ, ಶಾಲು, ಹಾರ, ‘ಕುಡಿತ ಬಿಟ್ಟ ಸಾಧಕರಿಗೆ ಸನ್ಮಾನ’, ಮರುದಿನದ ಪತ್ರಿಕೆಯಲ್ಲಿ ಫೋಟೋ, ಇದು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ ಎಂದು ಬಲ್ಲೆ. ಆದರೆ ವೇದಿಕೆ ಹತ್ತಿಸಿದ ಮನುಷ್ಯ ಮತ್ತೆ ಜಾರಿದರೆ, ಜಾರುವುದು ಈ ರೋಗದಲ್ಲಿ ಸಾಮಾನ್ಯ, ಅವನಿಗೆ ಸಭೆಗೆ ತಿರುಗಿ ಬರಲು ಮುಖವಿರುವುದಿಲ್ಲ. ಫೋಟೋ ನೋಡಿದ ಊರವರು ಅವನನ್ನು ಎರಡು ಪಟ್ಟು ಆಡಿಕೊಳ್ಳುತ್ತಾರೆ. ಅನಾಮಧೇಯತೆ ಈ ಕೂಟದ ಹೆಸರಿನಲ್ಲೇ ಇದೆ. ಸಭೆಯಲ್ಲಿ ಎಷ್ಟು ಜನ ಬಂದರು ಎಂದು ಹಾಜರಿ ಪುಸ್ತಕ ಕೇಳಬೇಡಿ, ಆಧಾರ್ ಕೇಳಬೇಡಿ, ಪ್ರಗತಿ ವರದಿ ತರಿಸಬೇಡಿ. ಆಶಾ ಕಾರ್ಯಕರ್ತೆಯರ ಮೇಲೆ ಹೊಸ ಸಮೀಕ್ಷೆಯ ಹೊರೆಯೂ ಬೇಡ. ಯಾವ ಮನೆಯಲ್ಲಿ ಏನಿದೆ ಎಂದು ಅವರಿಗೆ ಗೊತ್ತೇ ಇರುತ್ತದೆ. ಸಮಯ, ಸ್ಥಳ ಬರೆದ ಒಂದು ಸಣ್ಣ ಚೀಟಿ ಅವರ ಚೀಲದಲ್ಲಿರಲಿ, ಕೇಳಿದವರಿಗೆ ಕೊಡಲಿ.

ಅನಾಮಧೇಯತೆಯ ಕಾರಣಕ್ಕೇ ಕೋಣೆಯ ಜಾಗವೂ ಮುಖ್ಯ. ಹಳ್ಳಿಹಳ್ಳಿಗೆ ಸಭೆ ಮಾಡೋಣ ಎಂಬ ಉತ್ಸಾಹ ಯಾರಿಗಾದರೂ ಬರಬಹುದು. ಬೇಡ. ತನ್ನದೇ ಊರಿನ ಪಂಚಾಯಿತಿ ಕಟ್ಟೆಗೆ ಯಾವ ಕುಡುಕನೂ ಹೀಗೆ ಬರುವುದಿಲ್ಲ. ಮುಧೋಳದವನು ಜಮಖಂಡಿಗೆ, ಬೀಳಗಿಯವನು ನವನಗರಕ್ಕೆ, ಗುಳೇದಗುಡ್ಡದವನು ಬಾದಾಮಿಗೆ ಹೋಗುವುದನ್ನೇ ಇಷ್ಟಪಡುತ್ತಾನೆ. ತಾಲ್ಲೂಕು ಕೇಂದ್ರಗಳಲ್ಲಿ, ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಬಾಗಿಲ ಮೇಲೆ ದೊಡ್ಡ ಬೋರ್ಡು ಇಲ್ಲದ ಕೋಣೆ ಸಾಕು. ಶಾಲೆಯ ಒಂದು ತರಗತಿಯೂ ಆದೀತು. ಸಭೆ ಏಳೂವರೆಯೊಳಗೆ ಮುಗಿಯಬೇಕು, ಇಲ್ಲದಿದ್ದರೆ ಊರಿನ ವಸ್ತಿ ಬಸ್ಸು ಹೋಗಿಬಿಡುತ್ತದೆ. ಬಸ್ಸು ತಪ್ಪಿದ ಮನುಷ್ಯ ರಾತ್ರಿ ನಿಲ್ದಾಣದ ಸುತ್ತ ಏನು ಕಾಣುತ್ತಾನೆ ಎಂದು ತಾವು ಬಲ್ಲಿರಿ. ರಬಕವಿ, ಬನಹಟ್ಟಿ, ಇಳಕಲ್ಲಿನ ನೇಕಾರರಿಗೆ ವಾರದ ಮಜೂರಿ ಕೈಗೆ ಬರುವ ಸಂಜೆಯೇ ಅತಿ ಕಷ್ಟದ ಸಂಜೆ. ಅಲ್ಲಿ ಆ ದಿನವೇ ಸಭೆ ಇದ್ದರೆ ಒಳ್ಳೆಯದು. ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರೇ.

ನಾವು ಬೆಳಗಾವಿಗೆ ಹೋಗುತ್ತಿದ್ದ ದಿನಗಳಲ್ಲಿ ಲೋಕಾಪುರ, ಯರಗಟ್ಟಿ ದಾಟಿ ಹೋಗಿ ಬರುವಷ್ಟರಲ್ಲಿ ಇಡೀ ದಿನ ಮುಗಿಯುತ್ತಿತ್ತು. ಅಣ್ಣನಿಗೆ ಒಂದು ದಿನದ ದುಡಿಮೆ ತಪ್ಪುತ್ತಿತ್ತು, ಮೇಲೆ ಬಸ್ ಚಾರ್ಜು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಅತ್ತಿಗೆಗೂ ಟಿಕೇಟಿನ ಚಿಂತೆ ಇಲ್ಲವಾಯಿತು. ಅದರಿಂದಲೇ ಅತ್ತಿಗೆ ಕುಟುಂಬದವರ ಸಭೆಗೂ ಹೋಗಲು ಶುರು ಮಾಡಿದರು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ, 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಅವರ ಸ್ನೇಹಿತೆ ಸೇರಿ ಆರಂಭಿಸಿದ್ದು. ಬಾಟಲಿ ಹುಡುಕಿ ಮುಚ್ಚಿಡುವುದು, ಸಾಲಗಾರರಿಗೆ ಸುಳ್ಳು ಹೇಳಿ ಕಳಿಸುವುದು, ‘ಜ್ವರ ಬಂದೈತ್ರಿ’ ಎಂದು ಕೆಲಸದ ಕಡೆ ಫೋನು ಮಾಡುವುದು, ಇದನ್ನೆಲ್ಲ ವರ್ಷಾನುಗಟ್ಟಲೆ ಮಾಡಿದ ಹೆಂಗಸು ಮೊದಲ ಬಾರಿ ತನ್ನ ಬಗ್ಗೆ ಮಾತಾಡಿದ್ದು ಆ ಕೋಣೆಯಲ್ಲಿ. ಪುರುಷರಿಗೆ ಒಂದು ಕೋಣೆ ಕೊಡುವಾಗ ಪಕ್ಕದ ಕೋಣೆಯನ್ನು ಇವರಿಗೂ ಕೊಡಿ. ಕುಡಿತಕ್ಕೆ ಬಿದ್ದ ಹೆಂಗಸರೂ ಇದ್ದಾರೆ. ಅವರು ಲೆಕ್ಕಕ್ಕೆ ಕಡಿಮೆ ಸಿಗುತ್ತಾರೆ, ಮನೆಯೊಳಗೇ ಮುಚ್ಚಿಹೋಗುತ್ತಾರೆ. ಅವರು ಗಂಡಸರೇ ತುಂಬಿದ ಸಂಜೆ ಸಭೆಗೆ ಬರಲಾರರು. ಹಗಲಿನ ಹೊತ್ತು, ಹೆಣ್ಣುಮಕ್ಕಳದೇ ಸಭೆಗೆ ಅವಕಾಶವಿರಲಿ.

ಒಂದು ಎಚ್ಚರಿಕೆಯನ್ನು ಆ ಫಲಕದ ಮೇಲೆಯೇ ಬರೆಸಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಿ ಇಲ್ಲದ್ದು ಕಾಣಬಹುದು, ಜೀವವೂ ಹೋಗಬಹುದು. ಮೊದಲು ವೈದ್ಯರು, ಆಮೇಲೆ ಸಭೆ. ಎರಡೂ ಕೂಡಿಯೇ ನಡೆಯಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಅದೇ ದಿನ ಕುಡಿತ ಬಿಟ್ಟ ಇಬ್ಬರು ಸದಸ್ಯರು ಅಲ್ಲಿ ಬೆಂಚಿನ ಮೇಲೆ ಕೂತಿರಲು ಅನುಮತಿ ಕೊಡಿ. ಆಸ್ಪತ್ರೆ, ಜೈಲುಗಳಿಗೆ ಹೋಗಿ ಮಾತಾಡುವ ಪದ್ಧತಿ ಎ.ಎ.ಯಲ್ಲಿ ಮೊದಲಿನಿಂದ ಇದೆ, ಕರೆದರೆ ಬರುತ್ತಾರೆ. ಸಭೆಗಳ ಪಟ್ಟಿಗಾಗಿ ಮುಂಬೈಯಲ್ಲಿರುವ ಅವರ ಕೇಂದ್ರ ಸೇವಾ ಕಚೇರಿಗೆ ಆರೋಗ್ಯ ಇಲಾಖೆಯಿಂದ ಒಂದು ಪತ್ರ ಹೋದರೆ ಸಾಕು. ಫಲಕದಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಕೂಡ ಇರಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯನ್ನೂ ಕಾಯಿಲೆಯೆಂದೇ ಹೇಳುತ್ತದೆ, ಅದಕ್ಕೆ ಸರ್ಕಾರಿ ಆರೈಕೆ ಪಡೆಯುವುದು ಹಕ್ಕು ಎನ್ನುತ್ತದೆ. ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿ ಇಟ್ಟುಕೊಂಡಿತ್ತು. 2007ರಲ್ಲಿ ಸಾರಾಯಿ ನಿಂತಾಗ ನಮ್ಮ ತಾಯಂದಿರು ಪಟ್ಟ ಸಂತೋಷ ನೆನಪಿದೆ. ಆ ಜಾಗಕ್ಕೆ ಬೇರೆ ಬಾಟಲಿ ಬಂದದ್ದೂ ನೆನಪಿದೆ. ಅಂಗಡಿ ಮುಚ್ಚಿಸುವ ಅಧಿಕಾರ ತಮ್ಮ ಕೈಯಲ್ಲಿ ಪೂರ್ತಿ ಇಲ್ಲ ಎಂದು ಗೊತ್ತು, ಈ ಪತ್ರ ಅದಕ್ಕಲ್ಲ. ಫಲಕ ಬರೆಸುವುದು, ಕೋಣೆಯ ಕೀಲಿ ಕೊಡಿಸುವುದು, ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಸೇರಿಸುವುದು ತಮ್ಮ ಕೈಯಲ್ಲಿದೆ.

ಬರುವ ಆಗಸ್ಟ್ 1ರೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತು ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಫಲಕ ಬರಲಿ ಎಂದು ಕೋರುತ್ತೇನೆ. ಮುಧೋಳದಲ್ಲಿ ಬಸ್ ನಿಲ್ದಾಣದ ಹತ್ತಿರ ಯಾವುದಾದರೂ ಸರ್ಕಾರಿ ಕಟ್ಟಡದ ಒಂದು ಕೋಣೆ ವಾರಕ್ಕೊಂದು ಸಂಜೆ ಸಿಗುವುದಾದರೆ, ಬೀಗ ತೆಗೆಯಲು, ಕಸ ಹೊಡೆಯಲು, ಚಹಾ ಕಾಸಲು ಅಣ್ಣ ಮತ್ತು ಅವನ ಇಬ್ಬರು ಗೆಳೆಯರು ತಯಾರಿದ್ದಾರೆ. ತಿಂಗಳಿಗೆ ಬಾಡಿಗೆ ಎಷ್ಟೆಂದು ತಿಳಿಸಿದರೆ ಮುಂಗಡ ಕಟ್ಟುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಧೋಳ ತಾಲ್ಲೂಕಿನ ಒಬ್ಬ ಶಿಕ್ಷಕಿ